ಮಡ್ಗಾರ್ಡಿನ ಅಳತೆ

“ಇನ್ನೂ ಅರ್ಧ ಇಂಚು ಕುಸ್ದದೆ ಕಣಣ್ಣ. ನೋಡಿದ್ರೇ ಗೊತ್ತಾಯ್ತದೆ,” ಎಂದ ಚಲುವರಾಜು.

ಕೆ.ಆರ್. ಪೇಟೆಯ ಮೆಕ್ಯಾನಿಕ್ ಕುಳ್ಳಯ್ಯ ಟೇಪು ಹಿಡಿದು ಅಂಬಾಸಿಡರ್ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಡಿಕ್ಕಿಯಲ್ಲಿ ನಾಲ್ಕು ಮೂಟೆ ಮರಳು. ನಾಳೆ ಅದರ ಜಾಗದಲ್ಲಿ ಅಷ್ಟೇ ತೂಕದ ಕದ್ದ ಗಂಧ ಏರಬೇಕಿತ್ತು. ಹೋದ ಸಲ ಕಾರಿನ ಹಿಂಭಾಗ ಕುಸಿದಿದ್ದನ್ನು ಕಂಡೇ ಪೊಲೀಸರು ಬೆನ್ನು ಹತ್ತಿದ್ದರು. ಚಲುವರಾಜು ಕೂದಲೆಳೆಯಲ್ಲಿ ಪಾರಾಗಿದ್ದ. ಅದಕ್ಕೇ ಈ ಹೊಸ ಸ್ಪ್ರಿಂಗ್ ಪ್ಲೇಟುಗಳು.

ಕುಳ್ಳಯ್ಯ ಇನ್ನೊಂದು ಪ್ಲೇಟು ಸೇರಿಸಿ ಮತ್ತೆ ಅಳೆದ. ನೆಲದಿಂದ ಮಡ್ಗಾರ್ಡಿನ ಅಂಚಿಗೆ ಮುಂದೆಯೂ ಹಿಂದೆಯೂ ಒಂದೇ ಎತ್ತರ.

“ಈಗ ಯಾವ ಸಾಹೇಬ್ನೂ ತಿರುಗಿ ನೋಡಾಕಿಲ್ಲ.”

ಅಷ್ಟರಲ್ಲಿ ಚಲುವರಾಜುವಿನ ಮಾವ ದಾಸಯ್ಯ ಆಸ್ಪತ್ರೆಯಿಂದ ಏದುಸಿರು ಬಿಡುತ್ತಾ ಬಂದ. ಬೆಳಿಗ್ಗೆ ಹೆರಿಗೆಯಾದ ಮಗಳು ರಂಜಿತಳಿಗೆ ರಕ್ತ ನಿಲ್ಲುತ್ತಿಲ್ಲ. ಅವಳ ಗುಂಪಿನ ರಕ್ತ ಊರಲ್ಲಿಲ್ಲ. ಮೈಸೂರಿನಿಂದ ಸಂಜೆ ಐದು ಗಂಟೆಯೊಳಗೆ ಎರಡು ಬಾಟಲಿ ಬರದಿದ್ದರೆ ಅವಳು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

ಚಲುವರಾಜು ಡಿಕ್ಕಿ ತೆರೆದು ಮೂಟೆಗಳನ್ನು ಒಂದೊಂದಾಗಿ ನೆಲಕ್ಕೆ ಎಳೆದುಹಾಕಿದ.

“ಇರ್ಲಿ ಬುಡ್ಲಾ, ಅಳತೆ ಸರಿಯಾಗಿ ಕುಂತದೆ,” ಎಂದ ಕುಳ್ಳಯ್ಯ.

“ಬ್ಯಾಡಣ್ಣ, ಗಾಡಿ ಅಗುರಾಗಿ ಓಡ್ಲಿ. ಅವ್ಳೊಬ್ಳು ಉಳ್ಕಂಡ್ರೆ ಸಾಕು. ಗಂಧದ ಸಾವಾಸ ಇವತ್ತಿಗೇ ಮುಗೀತು.”

ಆ ಮಾತಿನಲ್ಲಿ ಕಪಟವಿರಲಿಲ್ಲ. ಹೆಂಡತಿ ಎಂದರೆ ಅವನಿಗೆ ಪ್ರಾಣ. ಬುದ್ಧಿ ಬಂದದ್ದು ಮಾತ್ರ ತಡವಾಗಿ.

ಮೈಸೂರಿನಲ್ಲಿ ರಕ್ತ ಸಿಕ್ಕಿತು. ಐಸ್ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅವನು ಶ್ರೀರಂಗಪಟ್ಟಣ ದಾಟಿದಾಗ ಮೂರೂಮುಕ್ಕಾಲು. ಹೋಗುವಾಗ ಇರದಿದ್ದ ಪೊಲೀಸರು ಕಿರಂಗೂರಿನ ಬಳಿ ರಸ್ತೆಗೆ ಅಡ್ಡ ನಿಂತಿದ್ದರು. ಖಾಕಿ ಕಂಡರೂ ಅವನ ಎದೆ ಹೊಡೆದುಕೊಳ್ಳದಿದ್ದದ್ದು ಎರಡು ವರ್ಷದಲ್ಲಿ ಇದೇ ಮೊದಲು. ಮುಚ್ಚಿಡಲು ಏನಿತ್ತು? ತಾನೇ ಇಳಿದು ಡಿಕ್ಕಿ ತೆರೆದು ತೋರಿಸಿದ.

ಅವರು ಸೀಟು ಎತ್ತಿದರು, ಕಾರಿನ ಕೆಳಗೆ ಬಗ್ಗಿ ನೋಡಿದರು. ಗಂಧದ ಒಂದು ಚಕ್ಕೆಯೂ ಸಿಗಲಿಲ್ಲ.

“ಎಂಡ್ರು ಸಾಯ್ತಾವ್ಳೆ ಸಾಮಿ, ಬುಟ್ಬುಡಿ,” ಎಂದು ಚಲುವರಾಜು ರಕ್ತದ ಪೆಟ್ಟಿಗೆ ತೋರಿಸಿ ಕೈ ಮುಗಿದ. “ನೀವೇ ನೋಡುದ್ರಲ್ಲ, ಏನೂ ಇಲ್ಲ.”

“ವಾದ್ ತಿಂಗ್ಳು ಒಬ್ಬ ಗಂಧದ ಮ್ಯಾಲೆ ಎಣಾನೇ ಮಲಗಿಸ್ಕಂಡು ಬಂದಿದ್ದ,” ಎಂದ ಹೆಡ್ ಕಾನ್‌ಸ್ಟೇಬಲ್ ಶಿವಲಿಂಗಯ್ಯ. ಕಾರಿನ ಕೀ ಜೇಬಿಗೆ ಇಳಿಸಿ, ಹಿಂದಿನ ಮಡ್ಗಾರ್ಡಿನ ಕಡೆ ಲಾಠಿ ತೋರಿಸಿದ.

“ಏನೂ ಇಲ್ದಿರೋದ್ಕೇ ಇಡ್ದಿದ್ದು ಕಣ್ಲಾ. ಖಾಲಿ ಕಾರು ಇಂದ್ಗಡೆ ಗೇಣುದ್ದ ಎದ್ದು ನಿಂತದೆ. ಸ್ಟೇಷನ್ಗೆ ನಡಿ, ಮಾಲು ಎಲ್ಲಿ ಇಳಿಸ್ದೆ ಅಂತ ಬೆಳಗಾಗೋಗಂಟ ಏಳೀವಂತೆ.”