ಜೀಪು ಎಬ್ಬಿಸುವ ಬಟನ್

ಕೀಬೋರ್ಡಿನ ಆರ್ ಅಕ್ಷರದ ಮೇಲೆ ಬೆರಳು ಬಿದ್ದಾಗಲೆಲ್ಲ ಈಗಲೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಅಂಗಡಿಯಿತ್ತು. ಅಂದು ಮಧ್ಯಾಹ್ನ ನಾನು ಮಣ್ಣುದಾರಿಯ ರೇಸಿನ ಆಟದಲ್ಲಿ ಚಾಂಪಿಯನ್‌ಶಿಪ್ಪಿನ ಕೊನೆಯ ಸುತ್ತಿಗೆ ಬಂದಿದ್ದೆ. ನನ್ನನ್ನು ಕರೆದೊಯ್ಯಲು ಬಂದ ಅಪ್ಪ, ಕುರ್ಚಿಯ ಹರಿದ ರೆಕ್ಸಿನ್ ಹಿಡಿದು ಹಿಂದೆ ನಿಂತ. ಅಪ್ಪ ಓಡಿಸುತ್ತಿದ್ದ ಜೀಪು ಕರ್ಕಿಯ ಹತ್ತಿರ ಮಗುಚಿ, ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ತೀರಿಕೊಂಡ ಮೇಲೆ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮನೆಯಲ್ಲಿ ಚಿಕ್ಕಪ್ಪನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ನಾನು ಗಾಡಿ ಆರಿಸುವುದನ್ನು ನೋಡಿ, "ಆ ಎತ್ತರದ ಜೀಪು ಬೇಡ ಮಗಾ, ತಿರುವಲ್ಲಿ ಮಗಚ್ತದೆ," ಅಂದ. "ಸ್ಪ್ರಿಂಗ್ ಮೆದು ಮಾಡು. ಟೈರಿನ ಗಾಳಿ ಇಳ್ಸು."

ಗಾಳಿ ಇಳಿಸಿದೆ, ಸ್ಪ್ರಿಂಗ್ ಮೆದು ಮಾಡಿದೆ. ಆದರೆ ಓಡಿಸಲು ಆ ಜೀಪನ್ನೇ ಆರಿಸಿಕೊಂಡೆ. ಎಲ್ಲರಿಗಿಂತ ಮುಂದಿದ್ದ ಅದು ಕೊನೆಯ ತಿರುವಿನಲ್ಲಿ ಮಗುಚಿತು. ಚಕ್ರಗಳು ಆಕಾಶಕ್ಕೆ ಮುಖ ಮಾಡಿ ತಿರುಗುತ್ತಿದ್ದವು. ಅಪ್ಪ ಚಿಕ್ಕಪ್ಪನ ಹೆಸರು ಹಿಡಿದು ಕೂಗಿದ. ಇಡೀ ಅಂಗಡಿ ತಿರುಗಿ ನೋಡಿತು.

"ಎಂತ ಆಗ್ಲಿಲ್ಲ ಅಪ್ಪ, ಇದು ಆಟ," ಎಂದು ನಾನು ಆರ್ ಒತ್ತಿದೆ. ಜೀಪು ರಸ್ತೆಯ ಮೇಲೆ ನೆಟ್ಟಗೆ ನಿಂತಿತು. ಒಳಗೆ ಆಟದ ಚಾಲಕ, ಅವನ ಜೊತೆಗಾರ ಇಬ್ಬರೂ ಮೊದಲಿನಂತೆಯೇ ಕೂತಿದ್ದರು.

ಅಪ್ಪ ಪಕ್ಕದ ಸ್ಟೂಲು ಎಳೆದುಕೊಂಡು ಪರದೆಯ ಹತ್ತಿರ ಕೂತ.

"ಇನ್ನೊಂದ್ ಸಲ ಮಗಚು," ಅಂದ. "ಮತ್ತೆ ಒತ್ತು."

ಉಳಿದ ಗಾಡಿಗಳೆಲ್ಲ ದಾಟಿ ಹೋದವು. ನಾನು ಮಗುಚಿದೆ, ಒತ್ತಿದೆ; ಮಗುಚಿದೆ, ಒತ್ತಿದೆ. ಪ್ರತಿ ಸಲವೂ ಅಪ್ಪ ನೋಡುತ್ತಿದ್ದದ್ದು ಚಾಲಕನ ಪಕ್ಕದ ಸೀಟನ್ನು.