ಖಾಲಿ ಹಲಗೆ

“ಹಲಗೆ ಖಾಲಿ ಇತ್ತು. ಒಳಗೆ ಯಾರೂ ಇರಲಿಲ್ಲ. ಮತ್ತೆ ಉರಿಯೋ ಗೋದಾಮಿಗೆ ಯಾಕೆ ನುಗ್ಗಿದ್ರಿ?”

ಅಧಿಕಾರಿ ಕೇಳಿದ್ದು ಮೂರನೇ ಸಲ. ಗಾಲಿಕುರ್ಚಿಯಲ್ಲಿದ್ದ ಅಪ್ಪನದು ಮೂರನೇ ಸಲವೂ ಅದೇ ಉತ್ತರ: “ನೆನಪಿಲ್ಲ ಸಾರ್.”

ಬರುವಾಗ ಅಪ್ಪ ಹೀಗಿರಲಿಲ್ಲ. ಕೋಣೆಯಲ್ಲಿ ಎರಡೇ ಕುರ್ಚಿ ಕಂಡು, “ನಂದು ನಾನೇ ತಂದಿದೀನಿ, ನೀವು ಕೂತ್ಕೊಳ್ರಮ್ಮ” ಎಂದು ಮಕ್ಕಳನ್ನು ನಗಿಸಲು ನೋಡಿದ್ದರು. ಚಿಕ್ಕವಳು ಕೂತಳು. ದೊಡ್ಡವಳು ಕೂರಲೂ ಇಲ್ಲ, ನಗಲೂ ಇಲ್ಲ. ಸಮವಸ್ತ್ರದ ಜೇಬಿನಲ್ಲಿ ಕೈಯಿಟ್ಟು ಗೋಡೆಗೆ ಒರಗಿದ್ದಳು.

ಬೆಂಕಿಯೊಳಗೆ ಹೋಗುವ ಅಗ್ನಿಶಾಮಕ ಸಿಬ್ಬಂದಿ ಪ್ರತಿಯೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮುಂಬಾಗಿಲ ಬಳಿಯ ಹಲಗೆಗೆ ಸಿಕ್ಕಿಸಬೇಕು, ಹೊರಗೆ ಬಂದಕೂಡಲೇ ತೆಗೆಯಬೇಕು; ಬಿಲ್ಲೆ ಉಳಿದಿದ್ದರೆ ಆ ನಂಬರಿನವರು ಇನ್ನೂ ಒಳಗಿದ್ದಾರೆ ಎಂದರ್ಥ. ಆ ದಿನ ಹಲಗೆ ಕಾಯುವ ಕೆಲಸ ಅಪ್ಪನದು. ಅದನ್ನು ಬಿಟ್ಟು ಒಳಗೆ ಓಡಿದರು, ತೊಲೆ ಬಿದ್ದು ಸೊಂಟ ಮುರಿಯಿತು. ಠಾಣಾಧಿಕಾರಿ ಬಂದು ನೋಡಿದಾಗ ಹಲಗೆಯಲ್ಲಿ ಒಂದು ಬಿಲ್ಲೆಯೂ ಇರಲಿಲ್ಲ.

ಅದು ಮೊಬೈಲ್ ಗೋದಾಮು. ಜನ ಸುಮ್ಮನಿರುತ್ತಾರೆಯೇ? ಕೈಗೆ ಸಿಕ್ಕಿದ್ದು ಬಾಚಿಕೊಳ್ಳಲು ಹೋಗಿದ್ದ ಎಂದು ಠಾಣೆಯಲ್ಲೇ ಗುಸುಗುಸು ಎದ್ದಿತು. ದೊಡ್ಡವಳಿಗೂ ಅದೇ ಠಾಣೆಯಲ್ಲಿ ಕೆಲಸ, ಇನ್ನೂ ಖಾಯಂ ಆಗಿಲ್ಲ. “ನಾಚಿಕೆ ಆಗಬೇಕು” ಎಂದು ಬೆನ್ನ ಹಿಂದೆ ಅಂದವರಿಗೆ ಅವಳು ಎದುರಾಡಲಿಲ್ಲ. ನಾಚಿಕೆ ಆಗಿಯೂ ಇತ್ತು. ನಾಲ್ಕು ತಿಂಗಳಿಂದ ಅಪ್ಪನ ಮುಖ ನೋಡಿ ಮಾತಾಡಿರಲಿಲ್ಲ.

ಚಿಕ್ಕವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಗಾಯಗೊಂಡ ಅಗ್ನಿಶಾಮಕ ಸಿಬ್ಬಂದಿಯ ಮಕ್ಕಳಿಗೆಂದು ಇರುವ ವಿದ್ಯಾರ್ಥಿವೇತನ ಬಂದರೆ ಓದು, ಇಲ್ಲದಿದ್ದರೆ ಇಲ್ಲ. ಸ್ವಂತ ತಪ್ಪಿನಿಂದ ಆದ ಗಾಯಕ್ಕೆ ಅದು ಸಿಗುವುದಿಲ್ಲ.

“ಕಾರಣ ಹೇಳದಿದ್ರೆ ಅರ್ಜಿ ತಿರಸ್ಕಾರ ಮಾಡ್ಬೇಕಾಗುತ್ತೆ,” ಅಧಿಕಾರಿ ಪೆನ್ನು ತೆಗೆದರು.

“ಬರೀರಿ ಸಾರ್,” ಎಂದರು ಅಪ್ಪ.

ಚಿಕ್ಕವಳಿಗೆ ಅಳು ತಡೆಯಲಾಗಲಿಲ್ಲ. “ಹಾಗಾದ್ರೆ ಜನ ಹೇಳೋದು ನಿಜಾನಾ? ಅಕ್ಕಾ, ನೀನಾದ್ರೂ ಹೇಳೇ! ಅವತ್ತು ನೀನೂ ಅಲ್ಲೇ ಇದ್ದೆಯಲ್ಲ!”

ಅಪ್ಪ ಥಟ್ಟನೆ ದೊಡ್ಡವಳ ಮಣಿಕಟ್ಟು ಹಿಡಿದರು. “ಅವಳಿಗೇನೂ ಗೊತ್ತಿಲ್ಲ. ಮನೆಗೆ ಹೋಗೋಣ, ನಡೀರಿ.”

ಚಿಕ್ಕವಳು ಅಪ್ಪನನ್ನು ನೋಡಿದಳು. ಕಳ್ಳನನ್ನು ನೋಡುವ ಹಾಗೆಯೇ ನೋಡಿದಳು. ಅಪ್ಪ ಅದನ್ನೂ ನುಂಗಿಕೊಂಡು ತಲೆ ತಗ್ಗಿಸಿದರು.

ದೊಡ್ಡವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಜೇಬಿನಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

“ಹಲಗೆ ಖಾಲಿ ಇರಲಿಲ್ಲ ಸಾರ್. ಹಿಂಬಾಗಿಲಿಂದ ಹೊರಗೆ ಬಂದವಳು ನನ್ನ ಬಿಲ್ಲೆ ತೆಗೆಯೋದು ಮರೆತಿದ್ದೆ. ಅಪ್ಪ ನನ್ನನ್ನ ಹುಡುಕಿಕೊಂಡು ಒಳಗೆ ಹೋದ್ಮೇಲೆ, ಯಾರೂ ನೋಡದ ಹಾಗೆ ತೆಗೆದುಬಿಟ್ಟೆ.”