ಕರುಣಾಳ ಚೀಟಿಗಳು

ಅಕ್ಷರ ಕರುಣಾಳದೇ. ಭಾಗ್ಯಶ್ರೀ ಚೀಟಿಯನ್ನು ಮಗುಚಿ ನೋಡಿದಳು, ಮತ್ತೆ ಓದಿದಳು. 'ಳ' ಬರೆಯುವಾಗ ಬಾಲವನ್ನು ಕೆಳಗಿನ ಸಾಲಿನವರೆಗೆ ಎಳೆಯುವವಳು ಆ ತರಗತಿಯಲ್ಲಿ ಒಬ್ಬಳೇ ಇದ್ದಳು. ಅವಳ ಜಾಗ ನವೆಂಬರಿನಿಂದ ಖಾಲಿ ಇತ್ತು.

'ಹನಮೇಶಗ: ಮೂರು ವರ್ಷ ಹಿಂದಿನ ಬೆಂಚಿನ್ಯಾಗ ಆರಾಮ ನಿದ್ದಿ ಮಾಡಿದಿ. ಪರೀಕ್ಷಾದಾಗರೆ ಎಚ್ಚರಿರು. ಉತ್ತರ ಹೇಳಾಕ, ಪೆನ್ಸಿಲ್ಲಿಲೆ ತಿವಿದು ಎಬ್ಬಸಾಕ ನಾ ಇರೂದಿಲ್ಲ.'

ಹಳೇ ಹುಬ್ಬಳ್ಳಿಯ ಆ ಹೈಸ್ಕೂಲಿನಲ್ಲಿ ಹತ್ತನೆಯವರ ಬೀಳ್ಕೊಡುಗೆಗೆ ಇನ್ನು ನಾಲ್ಕು ದಿನ. ಜೊತೆಗೆ ಓದಿದವರ ಬಗ್ಗೆ ನಗು ಬರುವ ಎರಡು ಸಾಲು ಬರೆದು, ತನ್ನ ಹೆಸರು ಹಾಕದೆ ಡಬ್ಬಿಗೆ ಹಾಕುವುದು ಅಲ್ಲಿಯ ರೂಢಿ. ಅವನ್ನು ಆರಿಸಿ ವೇದಿಕೆಯ ಮೇಲೆ ಓದುವ ಕೆಲಸ ಈ ವರ್ಷ ಭಾಗ್ಯಶ್ರೀಯದು. ನಲವತ್ತು ಚೀಟಿ ಓದಿ ನಕ್ಕಿದ್ದಳು. ಇದನ್ನು ಓದಿ ನಗಲಾಗಲಿಲ್ಲ.

ಚೀಟಿಯನ್ನು ಕ್ಲಾಸ್ ಟೀಚರ್ ಸುಹಾಸಿನಿಯವರ ಮುಂದಿಟ್ಟಳು. ಅವರು ಓದಿ, ಚೀಟಿಯನ್ನು ಅವಳತ್ತ ತಳ್ಳಿದರು.

"ಯಾರೋ ಚ್ಯಾಷ್ಟಿ ಮಾಡ್ಯಾರ. ಹರದು ಒಗಿ."

"ಅಕ್ಷರ ಆಕೀದ ಐತ್ರಿ ಟೀಚರ್."

"ಆ ಹೆಸರು ಹಾಜರಿ ಪುಸ್ತಕದಾಗಿಂದ ತಗದೇವಿ. ಮತ್ತ ಮಾತು ಎದ್ದು ಪೊಲೀಸರತನಕ ಹೋದ್ರ ಆ ಮನಿಯವರ ಮರ್ಯಾದಿ ಏನಾಗಬೇಕು, ಸಾಲಿ ಹೆಸರು ಏನಾಗಬೇಕು? ಆಗಿದ್ದು ಆಗಿಹೋತು. ಇನ್ನ ಆಕೀನ್ನ ತಿರುಗಿ ತರೂದು ಯಾರ ಕೈಯಾಗೂ ಇಲ್ಲ."

ಭಾಗ್ಯಶ್ರೀ ಹರಿಯಲಿಲ್ಲ. ಕಂಪಾಸ್ ಪೆಟ್ಟಿಗೆಯಲ್ಲಿ ಮಡಚಿಟ್ಟಳು.

ಯಾರ ಕೈಯಲ್ಲಿಯೂ ಇಲ್ಲ ಎನ್ನುವ ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ. ನವೆಂಬರಿನ ಆ ಶುಕ್ರವಾರ ನಳದ ಹತ್ತಿರ ಬಾಟಲಿ ತುಂಬಿಸುತ್ತ ಕರುಣಾ ಹೇಳಿದ್ದಳು: "ಐತವಾರ ಎಲ್ಲಾ ಮುಗೀತೈತಿ. ಯಾರಿಗೂ ಹೇಳಬ್ಯಾಡ." ಬಾಟಲಿ ತುಂಬಿ ಚೆಲ್ಲಿತು. ಆಮೇಲೆ ಮೆಲ್ಲಗೆ, "ಯಾರಿಗರೆ ಹೇಳಿಬಿಡು, ಭಾಗ್ಯಾ." ಭಾಗ್ಯಶ್ರೀ ಮೊದಲನೆಯ ಮಾತನ್ನು ಪಾಲಿಸಿದಳು. ಅದು ಸುಲಭವಿತ್ತು.

ಭಾನುವಾರ ಕರುಣಾಳ ಮನೆಗೆ ಹೋದಾಗ ಶಾಲೆಯ ಹಿಂದಿನ ಓಣಿಯ ತುಂಬ ಜನ. ಕರುಣಾಳಿಗೆ ಹೊಸ ಸೀರೆ ಉಡಿಸಿ, ಅರಿಶಿನ ಹಚ್ಚಿ, ಹಣೆಗೆ ವಿಭೂತಿ ಇಟ್ಟು, ಹೂವಿನ ನಡುವೆ ಕೂಡಿಸಿದ್ದರು. ಮುಖ ಬಿಳಿಚಿತ್ತು. ಭಾಗ್ಯಶ್ರೀ ಎದುರಿಗೆ ಬಂದು ನಿಂತರೂ ಕಣ್ಣು ತೆರೆಯಲಿಲ್ಲ. ಕರುಣಾಳ ಅವ್ವ ಚನ್ನಬಸವ್ವ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅಳುತ್ತಿದ್ದಳು. "ಆಕಿ ಹಣ್ಯಾಗ ಬರದಿದ್ದು ಇಷ್ಟ," ಎಂದು ಹೆಂಗಸರು ಸಮಾಧಾನ ಮಾಡುತ್ತಿದ್ದರು. ಶಾಲೆಯಲ್ಲಿ ಯಾರಾದರೂ ಕೇಳಿದರೆ ಹೊಟ್ಟೆನೋವು ಎಂದು ಹೇಳಿರಿ ಅಂತ ಹಿರಿಯರೊಬ್ಬರು ಹುಡುಗಿಯರಿಗೆ ಕಲಿಸಿಕೊಟ್ಟರು. ಹೊತ್ತು ಮುಳುಗುವುದರೊಳಗೆ ಒಯ್ದರು.

ಅಂದಿನಿಂದ ಭಾಗ್ಯಶ್ರೀ ಆ ಓಣಿಗೆ ಕಾಲಿಟ್ಟಿಲ್ಲ. ಮಾರ್ಕೆಟ್ ಸುತ್ತಿ ಶಾಲೆಗೆ ಬರುತ್ತಾಳೆ.

ಮರುದಿನ ಡಬ್ಬಿಯಲ್ಲಿ ಇನ್ನೊಂದು ಚೀಟಿ ಇತ್ತು. 'ಸುಹಾಸಿನಿ ಟೀಚರಿಗೆ: ಹೊಸಾ ಚಾಳೀಸು ಭಾಳ ಛಲೋ ಒಪ್ಪೈತ್ರಿ. ಇನ್ನರೆ ಕಾಪಿ ಹೊಡೆಯೋರು ಕಂಡಾರು, ಹೇಳಾಕ ಬರೂದಿಲ್ಲ.'

ಟೀಚರ್ ಆ ಹೊಸ ಕನ್ನಡಕ ಹಾಕಿಕೊಂಡದ್ದು ಸಂಕ್ರಾಂತಿ ಆದ ಮೇಲೆ. ಅಷ್ಟು ದೂರ ಹೋದವಳು ಅದನ್ನು ಹೇಗೆ ನೋಡಿದಳು?

ಡಬ್ಬಿ ಇರುತ್ತಿದ್ದದ್ದು ಜವಾನ ಗೌಸಮೊದ್ದೀನನ ಸ್ಟೂಲಿನ ಪಕ್ಕದಲ್ಲಿ. "ಚಾಚಾ, ಇದರ ಹಂತೇಕ ಯಾರು ಬಂದಿದ್ರು?"

"ನನ್ನ ಕಣ್ಣಿಗೆ ಯಾರೂ ಬಿದ್ದಿಲ್ಲವ್ವಾ," ಅಂದ ಆತ. ಆದರೆ ಅವಳ ಕಣ್ಣು ತಪ್ಪಿಸಿದ.

ಶನಿವಾರ ಬೀಳ್ಕೊಡುಗೆ. ಹುಡುಗಿಯರು ಸೀರೆಯುಟ್ಟು ಎಡವುತ್ತಿದ್ದರು, ಹುಡುಗರು ಅಣ್ಣಂದಿರ ಕೋಟು ಹಾಕಿಕೊಂಡು ಬಂದಿದ್ದರು. ಭಾಗ್ಯಶ್ರೀ ಒಂದೊಂದೇ ಚೀಟಿ ಓದಿದಳು. ಹಾಲ್ ನಗೆಯಲ್ಲಿ ಮುಳುಗಿತು. ನಡುವೆ ಹನಮೇಶನ ಚೀಟಿ ಓದಿದಳು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಪೆನ್ಸಿಲ್ಲಿನ ಮಾತು ಬಂದಾಗ ನಗು ನಿಂತಿತು. ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ. ಟೀಚರಿಗೆ ಬರೆದ ಚೀಟಿ ಓದಿದಾಗ ಸುಹಾಸಿನಿಯವರು ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತ ಕುಳಿತರು.

ಡಬ್ಬಿಯ ತಳದಲ್ಲಿ ಇನ್ನೊಂದು ಉಳಿದಿತ್ತು. ಬೆಳಿಗ್ಗೆ ಅದು ಇರಲಿಲ್ಲ.

'ಭಾಗ್ಯಾಗ: ಗುಟ್ಟು ಇಟ್ಟುಕೊಳ್ಳೂದ್ರಾಗ ಸಾಲೀಗೇ ಫಸ್ಟ್. ಇನ್ನ ಸಾಕು, ಎರಡನೇ ನಂಬರಿನವರಿಗೂ ಅವಕಾಶ ಕೊಡು.'

ಮೈಕಿನಲ್ಲಿ ಅವಳ ಉಸಿರು ಕೇಳಿಸಿತು. ಯಾರೋ ಸಿಳ್ಳೆ ಹೊಡೆದು, ನಿಲ್ಲಿಸಿದರು.

"ಕರುಣಾ ಶುಕ್ರವಾರನ ನನಗ ಹೇಳಿದ್ಲು," ಅಂದಳು ಭಾಗ್ಯಶ್ರೀ. "ಎರಡು ದಿನ ಇತ್ತು. ನಾ ಯಾರಿಗೂ ಹೇಳಲಿಲ್ಲ."

ಮೈಕು ಇಟ್ಟು, ಮೆಟ್ಟಿಲಿಳಿದು, ಹಿಂದಿನ ಗೇಟಿನತ್ತ ನಡೆದಳು. ಬೆನ್ನ ಹಿಂದೆ ಚಪ್ಪಲಿಯ ಸದ್ದು. ಸುಹಾಸಿನಿ ಟೀಚರ್.

"ನಿಲ್ಲು. ನಾನೂ ಬರ್ತೇನಿ," ಅಂದರು. "ಗೊತ್ತಿದ್ದೂ ಸುಮ್ಮನಿದ್ದಾಕಿ ನೀ ಒಬ್ಬಾಕಿನ ಅಲ್ಲ."

ನಡುಹಗಲಿನ ಓಣಿಯಲ್ಲಿ ಯಾರೂ ಇರಲಿಲ್ಲ. ಭಾಗ್ಯಶ್ರೀ ಮೂರು ತಿಂಗಳ ನಂತರ ಆ ಬಾಗಿಲು ಬಡಿದಳು. ಚನ್ನಬಸವ್ವ ತೆರೆದಳು. ಇಬ್ಬರನ್ನೂ ನೋಡಿದಳು. ಬದಿಗೆ ಸರಿದು ನಿಂತಳು.

ಒಳಗೆ, ಶಾಲೆಯ ಮೈದಾನಕ್ಕೆ ತೆರೆದ ಕಿಟಕಿಯ ಪಕ್ಕ, ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ ತೊಟ್ಟ ಹದಿನೈದು ವರ್ಷದ ಕರುಣಾ ಎದ್ದು ನಿಂತಳು: "ಶಿವರಾತ್ರಿಗೆ ಅಂತ ತವರಿಗೆ ಬಂದೇನಿ, ನಾಳೆ ಗಂಡನ ಮನಿಯವರು ಕರಿಯಾಕ ಬರ್ತಾರ. ಎಲ್ಲಾರೂ ನಕ್ಕರೇನ?"